ದೈತ್ಯರ ಬಲಕ್ಕೆ ಅಳತೆಗೋಲು ಕೊಟ್ಟ ಗ್ಯಾರಿ ಗೈಗ್ಯಾಕ್ಸ್

ಚದುರಂಗದಲ್ಲಿ ಎರಡೂ ಪಕ್ಷಗಳ ಬಲ ಒಂದೇ. ಆದರೆ ಹಳ್ಳಿಯ ಜಗಲಿಕಟ್ಟೆಯ ಹುಲಿ-ಕುರಿ ಆಟದಲ್ಲಿ ಹಾಗಲ್ಲ. ಹುಲಿಗಳು ಕೆಲವೇ, ಕುರಿಗಳು ಹಲವು. ಬಲವೂ ಬೇರೆ, ಸಂಖ್ಯೆಯೂ ಬೇರೆ. ಆದರೂ ಇಬ್ಬರಿಗೂ ಗೆಲ್ಲುವ ಅವಕಾಶ ಇರಲೇಬೇಕು. ಇಂಥದೇ ಒಂದು ಸಮಸ್ಯೆಯನ್ನು ನೂರಾರು ಬಗೆಯ ದೈತ್ಯರು, ಘಟಸರ್ಪಗಳು ಮತ್ತು ಮಾಂತ್ರಿಕರ ನಡುವೆ ನಿಂತು ಬಿಡಿಸಲು ಹೊರಟವರು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್.

ಅವರು ಡೇವ್ ಆರ್ನೆಸನ್ ಜತೆಗೂಡಿ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೇಜಿನ ಸುತ್ತ ಕುಳಿತು ಆಡುವ ಆಟ. ಪ್ರತಿ ಆಟಗಾರನೂ ಒಬ್ಬ ಸಾಹಸಿಯ ಪಾತ್ರ ವಹಿಸುತ್ತಾನೆ. ಕತ್ತಲ ನೆಲಮಾಳಿಗೆಯನ್ನು ವರ್ಣಿಸುವ, ಅಲ್ಲಿನ ದೈತ್ಯರನ್ನು ನಡೆಸುವ ಹೊಣೆ ಒಬ್ಬ ನಿರ್ವಾಹಕನದು. ಹೊಡೆತ ತಗುಲಿತೇ ತಪ್ಪಿತೇ ಎಂಬುದನ್ನು ದಾಳ ನಿರ್ಧರಿಸುತ್ತದೆ. ಎದುರಾದ ದೈತ್ಯ ತೀರಾ ದುರ್ಬಲನಾದರೆ ಆಟ ನೀರಸ. ತೀರಾ ಬಲಿಷ್ಠನಾದರೆ ತಿಂಗಳುಗಟ್ಟಲೆ ಬೆಳೆಸಿದ ಪಾತ್ರಗಳು ಒಂದೇ ಸಂಜೆಯಲ್ಲಿ ನಾಶ. ಈ ಎರಡರ ನಡುವಣ ಹದವೇ ಆಟದ ಜೀವಾಳ.

ಗೈಗ್ಯಾಕ್ಸ್ ಜನಿಸಿದ್ದು 1938ರ ಜುಲೈ 27ರಂದು, ಷಿಕಾಗೋದಲ್ಲಿ. ತಂದೆ ಸ್ವಿಟ್ಜರ್‌ಲೆಂಡ್‌ನಿಂದ ವಲಸೆ ಬಂದವರು, ಪಿಟೀಲು ವಾದಕರು. ಬಾಲ್ಯದಲ್ಲಿಯೇ ಕುಟುಂಬ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿಗೆ ಬಂದು ನೆಲೆಸಿತು. ಪ್ರೌಢಶಾಲೆಯನ್ನು ಪೂರ್ಣಗೊಳಿಸದ ಗೈಗ್ಯಾಕ್ಸ್ ಮುಂದೆ ಷಿಕಾಗೋದ ವಿಮಾ ಸಂಸ್ಥೆಯೊಂದರಲ್ಲಿ ನೌಕರಿ ಹಿಡಿದರು. ವಿಮೆ ಕೋರಿದವರ ಅಪಾಯವನ್ನು ತೂಗಿ ನೋಡುವುದು ಅವರ ಕೆಲಸ. ಬಿಡುವಿನ ವೇಳೆಯೆಲ್ಲ ಯುದ್ಧದಾಟಗಳಿಗೆ ಮೀಸಲು. 1968ರಲ್ಲಿ ಊರಿನ ಸಭಾಂಗಣವೊಂದನ್ನು ಬಾಡಿಗೆಗೆ ಪಡೆದು ಯುದ್ಧದಾಟಗಾರರ ಸಮಾವೇಶವನ್ನೂ ಏರ್ಪಡಿಸಿದರು. ಅದೇ ಮುಂದೆ 'ಜೆನ್ ಕಾನ್' ಎಂದು ಪ್ರಸಿದ್ಧವಾಯಿತು.

1970ರಲ್ಲಿ ವಿಮಾ ಸಂಸ್ಥೆಯ ಕೆಲಸ ಹೋಯಿತು. ಹೆಂಡತಿ ಮಕ್ಕಳ ಸಂಸಾರ ಸಾಗಿಸಲು ಗೈಗ್ಯಾಕ್ಸ್ ಮನೆಯಲ್ಲಿಯೇ ಪಾದರಕ್ಷೆ ದುರಸ್ತಿಗೆ ಕುಳಿತರು. ಆ ಸಂಕಷ್ಟದ ದಿನಗಳಲ್ಲಿಯೇ, 1971ರಲ್ಲಿ, ಜೆಫ್ ಪೆರೆನ್ ಜತೆ ಬರೆದ 'ಚೈನ್‌ಮೇಲ್' ಎಂಬ ನಿಯಮಪುಸ್ತಕ ಹೊರಬಂತು. ಅದರ ಅನುಬಂಧದಲ್ಲಿ ಮಾಂತ್ರಿಕರು, ಘಟಸರ್ಪಗಳು ರಣರಂಗಕ್ಕೆ ಇಳಿದಿದ್ದರು. ವೀರನೊಬ್ಬ ನಾಲ್ವರು ಸೈನಿಕರಿಗೆ ಸಮ, ಮಹಾವೀರನೊಬ್ಬ ಎಂಟು ಮಂದಿಗೆ ಸಮ ಎಂಬ ಸರಳ ಲೆಕ್ಕ ಅಲ್ಲಿತ್ತು.

ಮಿನಿಯಾಪೊಲಿಸ್ ಪ್ರದೇಶದ ಆರ್ನೆಸನ್ ಈ ನಿಯಮಗಳನ್ನು ನೆಲಮಾಳಿಗೆಯ ಸಾಹಸಗಳಿಗೆ ಅಳವಡಿಸಿದ್ದರು. 1972ರಲ್ಲಿ ಅವರು ಲೇಕ್ ಜಿನೀವಾಕ್ಕೆ ಬಂದು ತಮ್ಮ 'ಬ್ಲ್ಯಾಕ್‌ಮೂರ್' ಆಟವನ್ನು ತೋರಿಸಿದಾಗ ಗೈಗ್ಯಾಕ್ಸ್ ಮನಸೋತರು. ಕೂಡಲೇ 'ಗ್ರೇಹಾಕ್' ಎಂಬ ಕೋಟೆಯನ್ನೂ ಅದರ ಕೆಳಗಿನ ನೆಲಮಾಳಿಗೆಗಳನ್ನೂ ಕಲ್ಪಿಸಿದರು. ಮೊದಲು ಒಳಹೊಕ್ಕವರು ಅವರದೇ ಮಕ್ಕಳಿಬ್ಬರು.

1973ರಲ್ಲಿ ಬಾಲ್ಯಮಿತ್ರ ಡಾನ್ ಕೇ ಜತೆ ಟಿಎಸ್‌ಆರ್ ಸಂಸ್ಥೆ ಹುಟ್ಟಿತು. 1974ರ ಆರಂಭದಲ್ಲಿ ಮೂರು ಕಿರುಪುಸ್ತಕಗಳ ಪೆಟ್ಟಿಗೆಯಾಗಿ ಆಟ ಮಾರುಕಟ್ಟೆಗೆ ಬಂತು. ಮೊದಲ ಮುದ್ರಣ 1,000 ಪ್ರತಿ.

ದೈತ್ಯರ ಬಲವನ್ನು ಹದಗೊಳಿಸುವ ಗೈಗ್ಯಾಕ್ಸ್ ವಿಧಾನ ಈ ಪುಸ್ತಕಗಳಲ್ಲಿ ಸ್ಪಷ್ಟವಾಗಿದೆ. ನೆಲಮಾಳಿಗೆಯಲ್ಲಿ ಕೆಳಗಿಳಿದಷ್ಟೂ ಅಪಾಯ ಹೆಚ್ಚು. ದೈತ್ಯರನ್ನು ಬಲಾನುಸಾರ ಆರು ಪಟ್ಟಿಗಳಲ್ಲಿ ವಿಂಗಡಿಸಲಾಗಿತ್ತು. ಯಾವ ಅಂತಸ್ತಿನಲ್ಲಿ ಯಾವ ಪಟ್ಟಿಯ ದೈತ್ಯ ಎದುರಾಗುತ್ತಾನೆಂಬುದನ್ನು ದಾಳ ಹೇಳುತ್ತಿತ್ತು. ಪ್ರತಿ ದೈತ್ಯನ ಕಸುವಿಗೆ 'ಹಿಟ್ ಡೈಸ್' ಎಂಬ ಮಾಪನವಿತ್ತು. ಅವನಿಗೆ ಎಷ್ಟು ದಾಳಗಳೋ ಅಷ್ಟು ಗಟ್ಟಿ. ಪ್ರತಿಫಲವೂ ಅಪಾಯಕ್ಕೆ ತಕ್ಕಂತೆ. ಎಂಟನೇ ಮಟ್ಟದ ಮಾಂತ್ರಿಕ ಐದನೇ ಅಂತಸ್ತಿನಲ್ಲಿ ಸುರಕ್ಷಿತವಾಗಿ ಬೇಟೆಯಾಡಿದರೆ ಅವನಿಗೆ ದಕ್ಕುವುದು ಎಂಟರಲ್ಲಿ ಐದು ಪಾಲು ಅನುಭವಾಂಕ ಮಾತ್ರ.

ಮೊದಲ ಲೆಕ್ಕದಲ್ಲಿ ದೋಷಗಳೂ ಇದ್ದವು. ಪ್ರತಿ ಹಿಟ್ ಡೈಗೆ 100 ಅನುಭವಾಂಕ ಎಂಬ ನಿಯಮದಿಂದ ಆಟಗಾರರು ಅತಿವೇಗವಾಗಿ ಬಲಿಯತೊಡಗಿದರು. 1975ರ 'ಗ್ರೇಹಾಕ್' ಪುರವಣಿಯಲ್ಲಿ ಗೈಗ್ಯಾಕ್ಸ್ ಅದನ್ನು ತೀವ್ರವಾಗಿ ಕಡಿತಗೊಳಿಸಿದರು. ಮುಖ್ಯವಾಗಿ ಅನುಭವಾಂಕ ಬರುತ್ತಿದ್ದುದು ಕಾಳಗದಿಂದಲ್ಲ, ಹೊತ್ತು ತಂದ ನಿಧಿಯಿಂದ. ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. ಹೀಗಾಗಿ ದೈತ್ಯನನ್ನು ಕೊಲ್ಲುವುದಕ್ಕಿಂತ ಅವನ ಕಣ್ಣು ತಪ್ಪಿಸಿ ಪಾರಾಗುವುದೇ ಜಾಣತನ ಎನಿಸಿತ್ತು. ಗೆಲುವಿನ ಭರವಸೆಯನ್ನು ಗೈಗ್ಯಾಕ್ಸ್ ಯಾರಿಗೂ ಕೊಡಲಿಲ್ಲ. ಅಪಾಯದ ಸುಳಿವು ಕೊಟ್ಟರು, ಓಡಿಹೋಗುವ ದಾರಿ ಬಿಟ್ಟರು, ತೀರ್ಮಾನವನ್ನು ಆಟಗಾರರಿಗೆ ಒಪ್ಪಿಸಿದರು.

ಅವರ 'ಟೂಂಬ್ ಆಫ್ ಹಾರರ್ಸ್' ಇದಕ್ಕೆ ನಿದರ್ಶನ. ಮಗ ಹಾಗೂ ಗೆಳೆಯ ರಾಬ್ ಕುಂಟ್ಸ್ ನಡೆಸುತ್ತಿದ್ದ ಪಾತ್ರಗಳು ಯಾವ ದೈತ್ಯನಿಗೂ ಮಣಿಯದಷ್ಟು ಬೆಳೆದಿದ್ದವು. ಅವರ ಬುದ್ಧಿಗೆ ಸವಾಲೊಡ್ಡಲು ರಚಿಸಿದ ಈ ಸಮಾಧಿಯಲ್ಲಿ ದೈತ್ಯರು ವಿರಳ, ಉರುಳುಗಳು ಹೇರಳ. ಕುಂಟ್ಸ್ ಅವರ ಪಾತ್ರ ಕೊನೆಯ ಕೋಣೆಯನ್ನು ತಲುಪಿ, ಮಾಯಾವಿಯ ತಲೆಬುರುಡೆ ಮೇಲೇಳುತ್ತಿದ್ದಂತೆ ಸಿಕ್ಕಷ್ಟು ಬಾಚಿಕೊಂಡು ಪಾರಾಯಿತು. 1975ರ ಸ್ಪರ್ಧೆಯೊಂದರಲ್ಲಿ ಆಡಿಸಲಾದ ಈ ಸಾಹಸ 1978ರಲ್ಲಿ ಪ್ರಕಟವಾಯಿತು.

1977ರ 'ಮಾನ್‌ಸ್ಟರ್ ಮ್ಯಾನುಯಲ್' ಗ್ರಂಥದಲ್ಲಿ ಗೈಗ್ಯಾಕ್ಸ್ ನೂರಾರು ಜೀವಿಗಳಿಗೆ ಅಂಕಿ-ಅಂಶ ಒದಗಿಸಿದರು. ಕಬ್ಬಿಣವನ್ನು ತುಕ್ಕು ಹಿಡಿಸಿ ತಿನ್ನುವ 'ರಸ್ಟ್ ಮಾನ್‌ಸ್ಟರ್' ಅವರಿಗೆ ಹೊಳೆದದ್ದು ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದನ್ನು ನೋಡಿ. ಖಡ್ಗ ಕವಚಗಳನ್ನು ನಂಬಿದ ಬಲಾಢ್ಯ ಯೋಧನೂ ಈ ಸಾಧು ಪ್ರಾಣಿಯನ್ನು ಕಂಡರೆ ನಡುಗುತ್ತಿದ್ದ. ಬಲ ಕೇವಲ ದಾಳದ ಸಂಖ್ಯೆಯಲ್ಲಿಲ್ಲ ಎಂಬುದನ್ನು ಇದು ತೋರಿಸಿಕೊಟ್ಟಿತು. 1979ರಲ್ಲಿ ಬಂದ ನಿರ್ವಾಹಕರ ಮಾರ್ಗದರ್ಶಿಯಲ್ಲಿ ದೈತ್ಯರ ಪಟ್ಟಿಗಳು ಹತ್ತಕ್ಕೇರಿದವು.

ಕಾಲ್ಪನಿಕ ಶತ್ರುಗಳ ಬಲ ಅಳೆದ ಗೈಗ್ಯಾಕ್ಸ್‌ಗೆ ನಿಜಜೀವನದ ಸಮರಗಳು ಕೈಕೊಟ್ಟವು. 1975ರಲ್ಲಿಯೇ ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಗೌರವಧನದ ವಿಚಾರವಾಗಿ ಆರ್ನೆಸನ್ 1979ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 1981ರಲ್ಲಿ ರಾಜಿಯಾಯಿತು. ವ್ಯಂಗ್ಯಚಿತ್ರ ಸರಣಿಯ ಕೆಲಸಕ್ಕೆಂದು ಗೈಗ್ಯಾಕ್ಸ್ ಹಾಲಿವುಡ್‌ನಲ್ಲಿದ್ದಾಗ ಸಂಸ್ಥೆ ಸಾಲದಲ್ಲಿ ಮುಳುಗಿತು. 1985ರಲ್ಲಿ ಷೇರುಗಳು ಕೈಬದಲಾಗಿ, ತಾವೇ ಕಟ್ಟಿದ ಸಂಸ್ಥೆಯ ಹಿಡಿತ ಅವರಿಗೆ ತಪ್ಪಿತು. ಮರುವರ್ಷ ಹೊರನಡೆದರು. ಆ ಬಳಿಕ ಬೇರೆ ಆಟಗಳನ್ನು ರಚಿಸಿದರಾದರೂ ಮೊದಲಿನ ಯಶಸ್ಸು ಮರಳಲಿಲ್ಲ.

ಟಿಎಸ್‌ಆರ್ 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಪಾಲಾಯಿತು. 2000ರ ಮೂರನೇ ಆವೃತ್ತಿಯಲ್ಲಿ ಪ್ರತಿ ದೈತ್ಯನಿಗೂ 'ಚಾಲೆಂಜ್ ರೇಟಿಂಗ್' ಎಂಬ ಅಂಕ ಅಂಟಿತು. ಅದೇ ಮಟ್ಟದ ನಾಲ್ವರು ಸಾಹಸಿಗಳು ತಮ್ಮ ಶಕ್ತಿ-ಸಾಮಗ್ರಿಯ ಐದನೇ ಒಂದು ಭಾಗ ವ್ಯಯಿಸಿ ಗೆಲ್ಲಬಹುದೆಂಬುದು ಅದರ ತಾತ್ಪರ್ಯ. 2014 ಮತ್ತು 2024ರ ಆವೃತ್ತಿಗಳು ಈ ಗಣಿತವನ್ನು ಮತ್ತೆ ಮತ್ತೆ ತಿದ್ದಿವೆ. ಸಾಹಸಿಗಳು ಗೆಲ್ಲುವಂತೆ ದೈತ್ಯನನ್ನು ಆಯ್ದು ತರುವ ಹೊಣೆ ಈಗ ನಿರ್ವಾಹಕನ ಹೆಗಲೇರಿದೆ. ಗೈಗ್ಯಾಕ್ಸ್ ಕಾಲದಲ್ಲಿ ಯಾವ ಅಂತಸ್ತಿಗೆ ಇಳಿಯಬೇಕೆಂಬ ಹೊಣೆ ಆಟಗಾರರದಾಗಿತ್ತು.

2008ರ ಮಾರ್ಚ್ 4ರಂದು ಲೇಕ್ ಜಿನೀವಾದ ಮನೆಯಲ್ಲಿ ಗೈಗ್ಯಾಕ್ಸ್ ಕೊನೆಯುಸಿರೆಳೆದರು. ವಯಸ್ಸು 69. ಮರುವರ್ಷದಿಂದ ಅದೇ ಊರಿನಲ್ಲಿ ಅವರ ನೆನಪಿಗೆ ಅಭಿಮಾನಿಗಳು ಕೂಡಿ ಆಡುವ ಪರಿಪಾಠ ಆರಂಭವಾಯಿತು. ಅಲ್ಲಿ ಹಳೆಯ ನಿಯಮಗಳ ಮೇಜುಗಳೂ ಇರುತ್ತವೆ. ಕೆಳಗಿನ ಅಂತಸ್ತಿನ ಮೆಟ್ಟಿಲು ಕಂಡಾಗ ಇಳಿಯುವುದೋ ಹಿಂದಿರುಗುವುದೋ ಎಂಬ ಚರ್ಚೆ ಅಲ್ಲಿ ಇನ್ನೂ ಆಟಗಾರರದೇ.