ಅಲ್‌ಹಮ್ದುಲಿಲ್ಲಾಹ್ ಮತ್ತು ಮಹಮೂದ್ ಗವಾನ್

ಬೀದರಿಗೆ ಹೋದಾಗಲೆಲ್ಲ ನಾವು ನೋಡುವ ಮದರಸಾವನ್ನು 1472ರಲ್ಲಿ ಕಟ್ಟಿಸಿದವರು ಮಹಮೂದ್ ಗವಾನರು. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ 1453ರಲ್ಲಿ ಬಂದ ಅವರು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. ಅಧಿಕಾರ ದೊಡ್ಡದು, ಬದುಕು ಸರಳ. ಅಸೂಯೆಪಟ್ಟವರು ಅವರ ಮೊಹರಿನ ಸುಳ್ಳು ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ಶಾಹ ಸರಿಯಾಗಿ ವಿಚಾರಿಸದೆ 1481ರ ಏಪ್ರಿಲ್ 5ರಂದು ಕೊಲ್ಲಿಸಿದ. ಗವಾನರು ಕಿಬ್ಲಾ ಕಡೆ ಮುಖಮಾಡಿ ಕಲಿಮಾ ಓದಿದರು, ಕತ್ತಿ ಬೀಳುವಾಗ ಅಲ್ಲಾಹನನ್ನು ಸ್ತುತಿಸಿದರು ಎಂದು ಚರಿತ್ರೆಕಾರರು ಬರೆದಿದ್ದಾರೆ.

ಊಟವಾದ ಮೇಲೆ, ಸೀನಿದಾಗ ನಾವು ಹೇಳುವ ಅಲ್‌ಹಮ್ದುಲಿಲ್ಲಾಹ್ ಎಂದರೆ ಸರ್ವಸ್ತುತಿ ಅಲ್ಲಾಹನಿಗೆ. ದಿನವೂ ಅರ್ಥ ತಿಳಿದು ಹೇಳಿದ ಮಾತೇ ಕಷ್ಟದಲ್ಲಿ ತಾನಾಗಿ ಬಾಯಿಗೆ ಬರುತ್ತದೆ. ಅಂಕ ಕಡಿಮೆ ಬಂದ ದಿನವೂ ಅದನ್ನು ಮನಸಾರೆ ಹೇಳಬಲ್ಲೆವೇ?