ಪ್ರಜ್ಞಾಚಕ್ಷು ಪಂಡಿತ ಸುಖಲಾಲಜಿ ಸಂಘವಿ (1880–1978)

ಜೈನ ದರ್ಶನವನ್ನು ಅಭ್ಯಾಸ ಮಾಡಿದವರಿಗೆ ಪಂಡಿತ ಸುಖಲಾಲಜಿ ಸಂಘವಿಯವರ ಹೆಸರು ಹೊಸದಲ್ಲ. ತತ್ತ್ವಾರ್ಥಸೂತ್ರದ ಮೇಲೆ ಅವರು ಬರೆದ ವಿವೇಚನೆಯನ್ನು ಇಂದಿಗೂ ವಿದ್ವಾಂಸರು ತೆರೆದು ನೋಡುತ್ತಾರೆ. ಆದರೆ ಅಂಥ ಒಂದು ಗ್ರಂಥವನ್ನೂ ಅವರು ಕಣ್ಣಾರೆ ಓದಿರಲಿಲ್ಲ, ತಮ್ಮ ಕೈಯಾರೆ ಬರೆದಿರಲಿಲ್ಲ ಎಂಬುದು ಅನೇಕರಿಗೆ ತಿಳಿಯದು. ಹದಿನಾರರ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಅವರು ಮುಂದಿನ ಎಂಬತ್ತು ವರ್ಷ ಬೇರೆಯವರಿಂದ ಓದಿಸಿ ಕೇಳಿದರು, ಬೇರೆಯವರ ಕೈಯಿಂದ ಬರೆಸಿದರು.

ಸುಖಲಾಲಜಿಯವರು 8 ಡಿಸೆಂಬರ್ 1880ರಂದು ಗುಜರಾತಿನ ಸೌರಾಷ್ಟ್ರ ಪ್ರಾಂತದ ಲಿಮ್ಲಿ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ಮನೆತನ ಸ್ಥಾನಕವಾಸಿ ಶ್ವೇತಾಂಬರ ಜೈನರದು, ವೃತ್ತಿ ವ್ಯಾಪಾರ. ನಾಲ್ಕು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡರು. ಗುಜರಾತಿ ಏಳನೆಯ ತರಗತಿ ಮುಗಿಯುತ್ತಲೇ ಹುಡುಗ ಅಂಗಡಿ ಸೇರಿದ. ಮದುವೆಯ ಸಂಬಂಧವೂ ಗೊತ್ತಾಗಿತ್ತು. ಅಷ್ಟರಲ್ಲಿ ಸಿಡುಬು ಬಂತು. ಪ್ರಾಣ ಉಳಿಯಿತು, ಎರಡೂ ಕಣ್ಣು ಹೋದವು. ಲೆಕ್ಕ ಬರೆಯಲಾಗದ, ತಕ್ಕಡಿ ನೋಡಲಾಗದ ಹುಡುಗನಿಗೆ ಅಂಗಡಿಯಲ್ಲಿ ಕೆಲಸವಿರಲಿಲ್ಲ. ಮದುವೆಯ ಮಾತೂ ಅಲ್ಲಿಗೇ ನಿಂತಿತು. ಅವರು ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ಕತ್ತಲೆಯ ಆ ದಿನಗಳಲ್ಲಿ ಅವರನ್ನು ಕೈಹಿಡಿದದ್ದು ಊರಿಗೆ ಬರುತ್ತಿದ್ದ ಸಾಧು ಸಾಧ್ವಿಯರು. ಅವರು ಹೇಳಿದ ಸ್ತವನ, ಸೂತ್ರಗಳನ್ನು ಹುಡುಗ ಕೇಳಿ ಕಂಠಪಾಠ ಮಾಡಿದ. ಕೆಲವು ವರ್ಷಗಳಲ್ಲಿ ಅಲ್ಲಿ ಸಿಗುವಷ್ಟು ವಿದ್ಯೆ ಮುಗಿಯಿತು, ಹಸಿವು ಮಾತ್ರ ಹೆಚ್ಚಿತು. ಕಾಶಿಯಲ್ಲಿ ಆಚಾರ್ಯ ವಿಜಯಧರ್ಮಸೂರಿಯವರು ಯಶೋವಿಜಯ ಜೈನ ಪಾಠಶಾಲೆ ತೆರೆದಿದ್ದರು. ಕುರುಡ ಹುಡುಗ ಅಷ್ಟು ದೂರ ಹೋಗುವುದೆಂದರೆ ಮನೆಯವರಿಗೆ ಆತಂಕವಾಗದೆ ಇರುವುದೇ? ಆದರೂ 1904ರಲ್ಲಿ ಅವರು ಹೊರಟೇಬಿಟ್ಟರು. ಅಲ್ಲಿ ಹೇಮಚಂದ್ರಾಚಾರ್ಯರ ವ್ಯಾಕರಣವನ್ನು ವೃತ್ತಿಸಹಿತ ಬಾಯಿಪಾಠ ಮಾಡಿಕೊಂಡರು.

ಮುಂದೆ ಪಾಠಶಾಲೆಯನ್ನು ಬಿಟ್ಟು, ಗೆಳೆಯರೊಬ್ಬರೊಂದಿಗೆ ಗಂಗೆಯ ದಡದಲ್ಲಿದ್ದುಕೊಂಡು ಬಡತನದಲ್ಲೇ ವೈದಿಕ ದರ್ಶನಗಳನ್ನು ಕಲಿತರು. ನವ್ಯನ್ಯಾಯ ಕಲಿಯಲು ಮಿಥಿಲೆಗೆ ಹೋದರು. ಅಲ್ಲಿಯ ಚಳಿಗಾಲದಲ್ಲಿ ಅವರಲ್ಲಿದ್ದದ್ದು ಒಂದೇ ಉಣ್ಣೆಯ ಅಂಗಿ. ಗುರುಗಳು ಅದನ್ನು ಮೆಚ್ಚಿದ್ದು ತಿಳಿದು ಅದನ್ನೂ ಅವರಿಗೇ ಅರ್ಪಿಸಿ, ತಾವು ಹುಲ್ಲಿನ ಹಾಸಿಗೆಯಲ್ಲಿ ರಾತ್ರಿ ಕಳೆದರು. ದರಭಂಗಾದಲ್ಲಿ ಪಂಡಿತ ಬಾಲಕೃಷ್ಣ ಮಿಶ್ರರು ಅವರಿಗೆ ಮನಸಾರೆ ಪಾಠ ಹೇಳಿದರು. ಜೈನ ವಿದ್ಯಾರ್ಥಿಗೆ ಬ್ರಾಹ್ಮಣ ಗುರು ತೋರಿದ ಆ ಪ್ರೀತಿಯನ್ನು ಸುಖಲಾಲಜಿ ಎಂದೂ ಮರೆಯಲಿಲ್ಲ.

ಗಾಂಧೀಜಿ ಅಹಮದಾಬಾದಿನ ಕೋಚರಬ್‌ನಲ್ಲಿ ಆಶ್ರಮ ಹೂಡಿದಾಗ ಪಂಡಿತಜಿ ಅಲ್ಲಿಗೂ ಹೋಗಿ, ಅವರೊಂದಿಗೆ ಕುಳಿತು ಹಿಟ್ಟು ಬೀಸಿದರು. ಮುಂದೆ ಗುಜರಾತ್ ವಿದ್ಯಾಪೀಠವನ್ನು ಸೇರಿ, ಪಂಡಿತ ಬೇಚರದಾಸ ದೋಶಿಯವರೊಂದಿಗೆ ಸಿದ್ಧಸೇನ ದಿವಾಕರರ ಸನ್ಮತಿತರ್ಕವನ್ನು ಅಭಯದೇವಸೂರಿಗಳ ಬೃಹತ್ ಟೀಕೆಯೊಂದಿಗೆ ಸಂಪಾದಿಸಿದರು. ಹಲವು ಹಸ್ತಪ್ರತಿಗಳನ್ನು ಓದಿಸಿ, ಪಾಠಭೇದಗಳನ್ನು ನೆನಪಿನಲ್ಲೇ ಹೋಲಿಸಿ ಮಾಡಿದ ಕೆಲಸವದು. ಹಲವು ವರ್ಷಗಳ ದುಡಿಮೆಯಿಂದ ಐದು ಸಂಪುಟಗಳು ಹೊರಬಂದವು.

ಇದೇ ಕಾಲದಲ್ಲಿ ಗುಜರಾತಿನ ಪಾಟಣ ನಗರದ ಜೈನ ಗ್ರಂಥಭಂಡಾರದಲ್ಲಿ ತತ್ತ್ವೋಪಪ್ಲವಸಿಂಹ ಎಂಬ ತಾಡವಾಲೆಯ ಪ್ರತಿ ಸಿಕ್ಕಿತು. ಅದನ್ನು ಬರೆದವನು ಜಯರಾಶಿ ಭಟ್ಟ. ಆತ್ಮ, ಕರ್ಮ, ಪ್ರಮಾಣ ಯಾವುದನ್ನೂ ಒಪ್ಪದೆ ಜೈನರನ್ನೂ ಸೇರಿಸಿ ಎಲ್ಲ ದರ್ಶನಗಳನ್ನು ಖಂಡಿಸಿದ ಗ್ರಂಥ ಅದು. ಅಂಥ ವಿರೋಧಿಯ ಪುಸ್ತಕವನ್ನು ಜೈನ ಶ್ರಾವಕರು ನೂರಾರು ವರ್ಷ ಜೋಪಾನ ಮಾಡಿದ್ದರು! ರಸಿಕಲಾಲ ಪರೀಖರೊಂದಿಗೆ ಸುಖಲಾಲಜಿ ಅದನ್ನು 1940ರಲ್ಲಿ ಪ್ರಕಟಿಸಿದರು. ಎದುರಾಳಿಯ ಮಾತನ್ನು ಪೂರ್ತಿ ಕೇಳದೆ ಉತ್ತರ ಕೊಡಬಾರದು ಎಂಬುದೇ ಅನೇಕಾಂತದ ನಡೆ ಎಂದು ಅವರು ನಂಬಿದ್ದರು.

1933ರಿಂದ 1944ರವರೆಗೆ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜೈನ ದರ್ಶನದ ಪ್ರಾಧ್ಯಾಪಕರಾಗಿದ್ದರು. ಹಿಂದೆ ಪಾಠ ಹೇಳಿದ ಬಾಲಕೃಷ್ಣ ಮಿಶ್ರರು ಅಲ್ಲಿಯೇ ಇದ್ದರು. ಶಿಷ್ಯ ಈಗ ಸಹೋದ್ಯೋಗಿಯಾಗಿ ಬಂದಿದ್ದ. ಪ್ರಮಾಣಮೀಮಾಂಸಾ, ಜೈನ ತರ್ಕಭಾಷಾ, ಜ್ಞಾನಬಿಂದು ಗ್ರಂಥಗಳನ್ನು ಅವರು ಸಂಪಾದಿಸಿದ್ದು ಈ ಅವಧಿಯಲ್ಲೇ. ದಕ್ಷಿಣದ ದಿಗಂಬರ ಆಚಾರ್ಯರಾದ ಸಮಂತಭದ್ರ, ಪೂಜ್ಯಪಾದ, ಅಕಲಂಕ, ವಿದ್ಯಾನಂದರನ್ನು ಅವರು ಶ್ವೇತಾಂಬರ ಆಚಾರ್ಯರಷ್ಟೇ ಗೌರವದಿಂದ ಓದಿಸಿ ಕೇಳಿದರು. ದಿಗಂಬರ ವಿದ್ವಾಂಸ ಪಂಡಿತ ಮಹೇಂದ್ರಕುಮಾರರು ಸಂಪಾದಿಸಿದ ಅಕಲಂಕರ ಗ್ರಂಥಗಳಿಗೆ ಮುನ್ನುಡಿ ಬರೆದುಕೊಟ್ಟರು.

ಅವರ ಮಾತುಗಳನ್ನೆಲ್ಲ ಎಲ್ಲರೂ ಒಪ್ಪಿದರೆಂದಲ್ಲ. ತತ್ತ್ವಾರ್ಥಸೂತ್ರದ ಕರ್ತೃ ಉಮಾಸ್ವಾತಿಯವರು ಶ್ವೇತಾಂಬರ ಪರಂಪರೆಯವರೆಂಬ ಅವರ ತೀರ್ಮಾನವನ್ನು ದಿಗಂಬರ ವಿದ್ವಾಂಸರು ಒಪ್ಪಲಿಲ್ಲ. ಅವರ ಸುಧಾರಕ ವಿಚಾರಗಳು ಸ್ವಂತ ಪಂಥದ ಸಂಪ್ರದಾಯಸ್ಥರಿಗೂ ಹಿಡಿಸಲಿಲ್ಲ. ಆದರೆ ಹೊಗಳಿಕೆಗಾಗಿ ಅವರು ಅಭಿಪ್ರಾಯ ಬದಲಿಸಲಿಲ್ಲ, ತೆಗಳಿಕೆಗೆ ಕಟುವಾಗಲೂ ಇಲ್ಲ.

ನಿವೃತ್ತಿಯ ನಂತರ ಮುಂಬೈಯಲ್ಲೂ ಆಮೇಲೆ ಅಹಮದಾಬಾದಿನಲ್ಲೂ ನೆಲೆಸಿದರು. 1957ರಲ್ಲಿ ಅಭಿಮಾನಿಗಳು ಮುಂಬೈಯಲ್ಲಿ ದೊಡ್ಡ ಸನ್ಮಾನ ಮಾಡಿ ನಿಧಿ ಅರ್ಪಿಸಿದಾಗ ಅದನ್ನು ಜ್ಞಾನಪ್ರಸಾರಕ್ಕೇ ಬಿಟ್ಟುಕೊಟ್ಟರು. 1958ರಲ್ಲಿ ಅವರ ‘ದರ್ಶನ ಅನೆ ಚಿಂತನ’ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು, 1974ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿತು. ಮಕ್ಕಳು ಮೊಮ್ಮಕ್ಕಳಿಲ್ಲದ ಪಂಡಿತಜಿಗೆ ಓದಿ ಹೇಳಲು ಬರುತ್ತಿದ್ದ ವಿದ್ಯಾರ್ಥಿಗಳೇ ಮನೆಮಂದಿ. ಓದಿ ಹೇಳುವ ನೆಪದಲ್ಲಿ ಅವರೆಲ್ಲ ತಾವೂ ಕಲಿತರು. ಹಾಗೆ ಹತ್ತಿರವಿದ್ದು ಬೆಳೆದ ಪಂಡಿತ ದಲಸುಖ ಮಾಲವಣಿಯಾ ಮುಂದೆ ದೇಶವಿದೇಶಗಳಲ್ಲಿ ಹೆಸರಾದ ಜೈನ ವಿದ್ವಾಂಸರಾದರು. 2 ಮಾರ್ಚ್ 1978ರಂದು ಅಹಮದಾಬಾದಿನಲ್ಲಿ ಪಂಡಿತಜಿ ದೇಹ ಬಿಟ್ಟಾಗ ಅವರಿಗೆ 97 ವರ್ಷ.

ಸ್ವಾಧ್ಯಾಯವನ್ನು ತಪಸ್ಸೆಂದು ಹೇಳಿರುವ ತತ್ತ್ವಾರ್ಥಸೂತ್ರವು ಅದರಲ್ಲಿ ವಾಚನ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂಬ ಐದು ಬಗೆಗಳನ್ನು ಹೇಳುತ್ತದೆ. ವಾಚನಕ್ಕೆ ಪಂಡಿತಜಿ ಬೇರೆಯವರ ಕಣ್ಣನ್ನು ನೆಚ್ಚಿದರು. ಪ್ರಶ್ನಿಸುವುದು, ಮನನ, ಪಠನ, ಉಪದೇಶ ನಾಲ್ಕನ್ನೂ ತಾವೇ ಮಾಡಿದರು. ದಶಲಕ್ಷಣ ಪರ್ವದ ಹತ್ತು ದಿನ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ಓದುವ ರೂಢಿ ಅನೇಕ ಬಸದಿಗಳಲ್ಲಿದೆ. ಕಣ್ಣು ಮಂಜಾಗಿ ಬಸದಿಗೆ ಬರಲಾಗದ ಅಜ್ಜ ಅಜ್ಜಿಯರು ಹಲವು ಮನೆಗಳಲ್ಲಿದ್ದಾರೆ. ಮೊಮ್ಮಕ್ಕಳು ಅವರ ಪಕ್ಕದಲ್ಲಿ ಕುಳಿತು ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಿ, ಅರ್ಥ ಕೇಳಿ ತಿಳಿದುಕೊಂಡರೆ ಪಂಡಿತಜಿಯವರನ್ನು ಸ್ಮರಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.