ಗುಬ್ಬಿ ವೀರಣ್ಣನವರ ಕಳ್ಳ

ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ಹಿರಣ್ಯಕಶಿಪುವಿನ ಪಾತ್ರ. ರಟ್ಟಿನ ಗದೆ, ಮಸಿಯ ಮೀಸೆ, ಗಂಟಲು ಹರಿಯುವಂತೆ ಅಬ್ಬರ. ಮುಂದೆ ಚಾಪೆಯ ಮೇಲೆ ಕೂತಿದ್ದ ಅಂಗನವಾಡಿ ಮಕ್ಕಳೂ ಹೆದರಲಿಲ್ಲ, ಬಿದ್ದು ಬಿದ್ದು ನಕ್ಕರು. ಮನೆಗೆ ಬಂದು ಮುಖ ಊದಿಸಿಕೊಂಡು ಕೂತಾಗ ಅಜ್ಜಿ ಹೇಳಿದ್ದು ಗುಬ್ಬಿ ಕಂಪನಿಯ ಕಳ್ಳನ ಕಥೆ. ಅವರ ತವರು ಗುಬ್ಬಿ ಕಡೆ, ಮದುವೆಯಾಗಿ ನಮ್ಮ ಕುಣಿಗಲ್ ಸೀಮೆಗೆ ಬಂದವರು.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅದಕ್ಕೂ ಮೊದಲೇ, 1884ರಲ್ಲಿ, ಗುಬ್ಬಿಯಲ್ಲಿ ಚಂದಣ್ಣ ಮೊದಲಾದವರು ಸೇರಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಕಟ್ಟಿದ್ದರು. ವೀರಣ್ಣನವರು ಹುಡುಗನಾಗಿದ್ದಾಗಲೇ ಅಲ್ಲಿ ಬಣ್ಣ ಹಚ್ಚಿದರು, 1917ರಲ್ಲಿ ಕಂಪನಿಯ ಹೊಣೆ ಹೊತ್ತರು. 1934ರ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ಮೈಸೂರು ಮಹಾರಾಜರಿಂದ ನಾಟಕರತ್ನ ಬಿರುದು ಪಡೆದರು. ಇದೆಲ್ಲ ನಮ್ಮ ಜಿಲ್ಲೆಯವರಿಗೆ ಗೊತ್ತಿರುವುದೇ.

ಜನರನ್ನು ನಡುಗಿಸುವ ನಟರು ಅವರ ಕಂಪನಿಯಲ್ಲಿ ಬೇರೆಯೇ ಇದ್ದರು. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರೌದ್ರ ಪಾತ್ರಗಳಿಗೆ ಹೆಸರಾದವರು. ವೀರಣ್ಣನವರದು ಹಾಸ್ಯ. ಆದರೆ ‘ಸದಾರಮೆ’ಯಲ್ಲಿ ಅವರು ಪೆದ್ದ ಆದಿಮೂರ್ತಿಯೂ ಹೌದು, ಕಳ್ಳನೂ ಹೌದು. 1935ರಲ್ಲಿ ಅದು ಸಿನಿಮಾ ಕೂಡ ಆಯಿತು.

ಅಜ್ಜಿ ಚಿಕ್ಕವರಿದ್ದಾಗ ಆ ನಾಟಕವನ್ನು ಕ್ಯಾಂಪಿನಲ್ಲಿ ನೋಡಿದ್ದರಂತೆ. ಕಳ್ಳ ಬಂದಾಗ ಜನ ಮೊದಲು ನಕ್ಕರಂತೆ. ಅವನ ಮಾತು, ಹಾಡು, ನಡಿಗೆ ಎಲ್ಲವೂ ನಗು ತರಿಸುವಂಥದ್ದೇ. ಆದರೆ ಅವನ ಎದುರಿಗಿದ್ದವಳು ಗಂಡ ಜೊತೆಗಿಲ್ಲದ, ದಿಕ್ಕಿಲ್ಲದ ಹೆಣ್ಣು. ನಗುತ್ತಾ ನಗುತ್ತಾ ಅದು ನೆನಪಾದಾಗ ಹೆಂಗಸರ ಕಡೆ ಸದ್ದೇ ಅಡಗುತ್ತಿತ್ತಂತೆ. ಸದಾರಮೆ ತನ್ನ ಜಾಣತನದಿಂದ ಪಾರಾದಾಗಲೇ ಎಲ್ಲರಿಗೂ ಉಸಿರು ಬಂದದ್ದು. ಗಾಡಿಯಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಕಳ್ಳನನ್ನು ಅಣಕಿಸಿ ನಕ್ಕ ಅಜ್ಜಿ, ಆ ರಾತ್ರಿ ಹಿತ್ತಿಲಿಗೆ ಒಬ್ಬರೇ ಹೋಗಲಿಲ್ಲ.

ನನ್ನ ರಾಕ್ಷಸ ಸೋತದ್ದು ಎಲ್ಲಿ ಎಂದು ಆಗ ಗೊತ್ತಾಯಿತು. ಹಿರಣ್ಯಕಶಿಪು ನಮ್ಮೂರಿಗೆ ಬರುವವನಲ್ಲ. ಕಳ್ಳ ಬರುತ್ತಾನೆ, ಚಿಲಕ ಹಾಕಿದ್ದೇವಾ ಎಂದು ಎದ್ದು ನೋಡುವಂತೆ ಮಾಡುತ್ತಾನೆ. ಕೋರೆಹಲ್ಲಿದ್ದರೆ ದೂರದಿಂದಲೇ ಗುರುತು ಹಿಡಿದು ಓಡಬಹುದು. ನಗಿಸುತ್ತಾ ಹತ್ತಿರ ಬಂದವನಿಂದ ಓಡುವುದು ಹೇಗೆ? ಈಗ ಮೊಬೈಲಿನಲ್ಲಿ ನೋಡುವ ದೆವ್ವದ ಸಿನಿಮಾಗಳಲ್ಲಿ ಕಿರುಚಾಟವೇ ಜಾಸ್ತಿ. ನನ್ನ ಗದೆಯ ಅಬ್ಬರಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ವೀರಣ್ಣನವರು ತಮ್ಮ ಬದುಕನ್ನು ‘ಕಲೆಯೇ ಕಾಯಕ’ ಎಂಬ ಆತ್ಮಕಥೆಯಾಗಿ ಬರೆದಿಟ್ಟಿದ್ದಾರೆ. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ. ಬೆಂಗಳೂರಿನಿಂದ ಊರಿಗೆ ಬಂದಾಗ ಅಲ್ಲಿ ನಾಟಕವಿದ್ದರೆ ಹೋಗುತ್ತೇನೆ.

ಹತ್ತನೇ ತರಗತಿಯಲ್ಲಿ ಮೇಷ್ಟ್ರನ್ನು ಕಾಡಿ ಕಳ್ಳನ ಪಾತ್ರವನ್ನೇ ಕೇಳಿ ಪಡೆದೆ. ಮೀಸೆ ಬರೆಸಿಕೊಳ್ಳಲಿಲ್ಲ, ದನಿ ಏರಿಸಲಿಲ್ಲ. ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು, ನಗುತ್ತಾ, ಚಾಪೆಯ ಅಂಚಿನವರೆಗೂ ಬಂದು ನಿಂತೆ. ಹಿಂದಿನ ವರ್ಷ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹುಡುಗಿ ಎದ್ದು ಹಿಂದೆ ಕೂತಿದ್ದ ಅವರಮ್ಮನ ತೊಡೆಯ ಮೇಲೆ ಹೋಗಿ ಕೂತಳು. ನಾಟಕ ಮುಗಿಯುವವರೆಗೂ ಇಳಿಯಲಿಲ್ಲ.